ಮ್ಯಾನೇಜರಿಗೊಂದು ಶಾಲು

ಎರಡು ವಾರದ ಹಿಂದೆ ನನ್ನನ್ನು ಕೆಲಸದಿಂದ ತೆಗೆದುಹಾಕಿದರು. ತೆಗೆದುಹಾಕುವ ಪತ್ರವನ್ನು ನಾನೇ ಬರೆದಿದ್ದೆ. ಬರೆದು, ಎರಡು ಸಲ ತಿದ್ದಿ, ‘ಅಪ್ರತಿಮ’ ಎನ್ನುವುದು ಒಂದೇ ಕಡೆ ಇದ್ದರೆ ಸಾಲದು ಎನಿಸಿ ಇನ್ನೊಂದು ಕಡೆಯೂ ಸೇರಿಸಿ, ಚೆನ್ನಾಗಿ ಟೈಪ್ ಮಾಡಿ ಕಳಿಸಿದ್ದೆ.

ನಗಬೇಡಿ. (ಸರಿ, ನಗಿ. ಮನೆಯಲ್ಲಿ ಆಗಲೇ ನಕ್ಕಾಗಿದೆ.)

ರಿಟೈರ್ ಆದವನಿಗೆ ಎಂಥ ಕೆಲಸ ಅಂತೀರಾ? ಮುಂಬಯಿಯ ಕನ್ನಡ ಸಂಘಗಳು ತಮ್ಮತಮ್ಮೊಳಗೆ ಭಾನುವಾರ ಬೆಳಿಗ್ಗೆ ಆಡುವ ಒಂದು ಫುಟ್‌ಬಾಲ್ ಲೀಗ್ ಇದೆ. ಅದರಲ್ಲಿ ನಮ್ಮ ಸಂಘದ ತಂಡಕ್ಕೆ ಹನ್ನೊಂದು ವರ್ಷದಿಂದ ನಾನು ಮ್ಯಾನೇಜರ್. ಯಾವುದೋ ಪುಟಗೋಸಿ ತಂಡ ಅಂದುಕೊಳ್ಳಬೇಡಿ. ನಾಲ್ಕು ಸಲ ಕಪ್ ಗೆದ್ದವರು ನಾವು. ನಮ್ಮ ಜೊತೆ ಮ್ಯಾಚ್ ಅಂದರೆ ಠಾಣೆ ಕಡೆಯ ಸಂಘದವರಿಗೆ ಹಿಂದಿನ ದಿನ ಊಟ ಸೇರುತ್ತಿರಲಿಲ್ಲ. ಈ ವರ್ಷ ಆರು ಮ್ಯಾಚ್ ಆಡಿದೆವು. ಆರೂ ಸೋತೆವು. ಈಗ ಠಾಣೆಯವರು ನಮ್ಮ ಮ್ಯಾಚಿಗೆ ಹೆಂಡತಿ ಮಕ್ಕಳನ್ನು, ತಿಂಡಿ ಡಬ್ಬಿಯನ್ನು ಕಟ್ಟಿಕೊಂಡು ಬರುತ್ತಾರೆ.

ಇನ್ನು ನನ್ನ ಬುದ್ಧಿವಂತಿಕೆ ಕೇಳಿ. ಇದೇ ಹೊತ್ತಿಗೆ, ಇದೇ ಅಂಕಣದಲ್ಲಿ, ನಾನು ಇಂಗ್ಲೆಂಡಿನ ಒಂದು ಭಾರೀ ಕ್ಲಬ್ಬಿನ ಮ್ಯಾನೇಜರನನ್ನು ತರಾಟೆಗೆ ತೆಗೆದುಕೊಂಡಿದ್ದೆ. ನಿಮಗೆ ನೆನಪಿರಬಹುದು. ಕೇಬಲ್ ಟೀವಿ ಬಂದಾಗಿನಿಂದ ನಾನು ಆ ಕ್ಲಬ್ಬಿನ ಭಕ್ತ. ಒಂದು ಕಾಲದಲ್ಲಿ ಎಲ್ಲರನ್ನೂ ಅಟ್ಟಾಡಿಸಿ ಹೊಡೆಯುತ್ತಿದ್ದ ಕ್ಲಬ್ಬಿನ ಹೆಸರನ್ನು ಈಗ ಪಟ್ಟಿಯ ಕೆಳಗಿನಿಂದ ಹುಡುಕಬೇಕು. ಹೊಟ್ಟೆ ಉರಿಯದೇ ಇರುತ್ತದೆಯೇ? ಬರೆದೆ. ‘ಸೋಲುವ ತಂಡದ ಮ್ಯಾನೇಜರ್ ತಾನಾಗಿ ಅರ್ಥಮಾಡಿಕೊಂಡು ಎದ್ದು ಹೋಗಬೇಕು. ಆರು ಮ್ಯಾಚ್ ಸೋತ ಮೇಲೂ ಕುರ್ಚಿಗೆ ಅಂಟಿಕೊಂಡವನಿಗೆ ಕನ್ನಡಿ ತೋರಿಸುವವರು ಯಾರೂ ಇಲ್ಲವೇ?’

ಆರು ಮ್ಯಾಚ್! ನನ್ನ ಕೈಯಿಂದಲೇ ಬರೆದೆ, ಓದುಗರೇ. ಬರೆದು, ಕನ್ನಡಿಯ ಮಾತು ಚೆನ್ನಾಗಿ ಬಂತೆಂದು ಇನ್ನೊಂದು ಸಲ ಓದಿಕೊಂಡೆ.

ಅಂಕಣ ಬಂದ ದಿನ ಸಂಘದ ಕಾರ್ಯದರ್ಶಿ ಸದಾನಂದಣ್ಣ ಫೋನ್ ಮಾಡಿದರು. ಉಡುಪಿ ಕಡೆಯವರು, ಮಾಟುಂಗದಲ್ಲಿ ಹೋಟೆಲು. ಮಾತಿನಲ್ಲೂ ಒಂದು ಚಮಚ ಸಕ್ಕರೆ ಜಾಸ್ತಿಯೇ.

“ಎಂಥ ಬರ್ದಿದ್ದೀರಿ ಮಾರಾಯ್ರೆ! ಕಮಿಟಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಗೆಲ್ಲ ಒಂದು ಧೈರ್ಯ ಬಂತು ನೋಡಿ.”

ಎಂಥ ಧೈರ್ಯ, ಯಾತಕ್ಕೆ ಧೈರ್ಯ ಎಂದು ನಾನು ಕೇಳಬೇಕಿತ್ತು. ಹೊಗಳಿಸಿಕೊಳ್ಳುವಾಗ ನನಗೆ ಪ್ರಶ್ನೆಗಳು ಹೊಳೆಯುವುದಿಲ್ಲ.

ಅಷ್ಟಕ್ಕೂ ನಾವು ಸೋಲುತ್ತಿದ್ದುದು ಯಾಕೆ? ಕಾರಣ ತಂಡಕ್ಕೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಒಪ್ಪಿರಲಿಲ್ಲ ಅಷ್ಟೆ. ಈ ಸೀಸನ್ನಿನ ಶುರುವಿನಲ್ಲಿ ನಾನೊಂದು ಕಾನೂನು ತಂದಿದ್ದೆ. ಮೈದಾನಕ್ಕೆ ಇಳಿದ ಮೇಲೆ ಬಾಯಿಂದ ಬರುವುದೆಲ್ಲ ಕನ್ನಡವೇ ಆಗಿರಬೇಕು. ಹಿಂದಿ ಬಂದರೆ ಹತ್ತು ನಿಮಿಷ ಹೊರಗೆ.

ನಮ್ಮ ಆಟಗಾರರೆಲ್ಲ ಕುರ್ಲಾ, ಚೆಂಬೂರು ಕಡೆಯ ತರುಣರು. ಅಪ್ಪ ಅಮ್ಮ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ದುಡಿಯಲು ಬಂದವರು. ಇವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನನಗೆ ಅದೊಂದು ಸಂಕಟ. ನಿಜ ಹೇಳುತ್ತೇನೆ, ಕಪ್ ನನಗೆ ನೆಪ. ಹನ್ನೊಂದು ವರ್ಷ ಭಾನುವಾರದ ನಿದ್ದೆ ಬಿಟ್ಟು ಹೋದದ್ದು, ಈ ಹುಡುಗರ ಬಾಯಿಂದ ಯಾರೂ ಕೇಳದೆ, ತಾನಾಗಿಯೇ ಬಂದ ಒಂದೇ ಒಂದು ಕನ್ನಡ ವಾಕ್ಯ ಕಿವಿಗೆ ಬೀಳಲಿ ಎಂಬ ಆಸೆಗೆ. ಹತ್ತು ವರ್ಷ ಬುದ್ಧಿ ಹೇಳಿದೆ. ಬೀಳಲಿಲ್ಲ. ಹನ್ನೊಂದನೇ ವರ್ಷ ಕಾನೂನು ಮಾಡಿದೆ.

ಆಮೇಲೆ ಬಿದ್ದದ್ದು ಗೋಲುಗಳು. ನಮ್ಮ ಮೇಲೆ.

ಬೆನ್ನ ಹಿಂದೆ ಎದುರಾಳಿ ಬಂದರೆ ಬೇರೆ ತಂಡದವರು ‘ಪೀಛೇ!’ ಎಂದು ಒದರುತ್ತಾರೆ. ನಾನು ಕಲಿಸಿದ್ದು, ‘ಎಚ್ಚರಿಕೆ, ನಿನ್ನ ಹಿಂದೆ ಎದುರಾಳಿ ಇದ್ದಾನೆ.’ ನಮ್ಮವರು ‘ಎಚ್ಚರಿಕೆ’ ಮುಗಿಸುವಷ್ಟರಲ್ಲಿ ಎದುರಾಳಿ ಚೆಂಡು ತೆಗೆದುಕೊಂಡು ಹೋಗಿರುತ್ತಿದ್ದ.

ಬಲಬದಿಗೆ ಆಡುವ ಚೇತನ್ ಎಂಬ ಹುಡುಗ ಇದ್ದಾನೆ. ಇಪ್ಪತ್ತು ವಯಸ್ಸು, ಕುರ್ಲಾದ ಒಂದು ಚಾಳಿನ ಸಾಲುಮನೆಯವನು. ಓಡಲು ಶುರುಮಾಡಿದರೆ ಲೋಕಲ್ ರೈಲೂ ಹಿಂದೆ ಬೀಳಬೇಕು. ಆರನೇ ಮ್ಯಾಚಿನಲ್ಲಿ ಅವನು ಗೋಲಿನ ಮುಂದೆ ಒಬ್ಬನೇ ನಿಂತಿದ್ದ. ಚೆಂಡು ಕೇಳಿದರೆ ಮುಗಿಯಿತು. ಕೈ ಎತ್ತಿದ, ಬಾಯಿ ತೆರೆದ, ಮಾತೇ ಬರಲಿಲ್ಲ. ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಹಾಫ್ ಟೈಮಿನಲ್ಲಿ ಬಂದು ಪಾಪ, ಕೇಳಿದ.

“ಸರ್, ಪಾಸ್ ಕೋ ಕನ್ನಡ ಮೇ ಕ್ಯಾ ಬೋಲ್ತೇ?”

ನನಗೋ ಖುಷಿಯೋ ಖುಷಿ. ಅದಕ್ಕೆ ಮೂರು ಪದ ಬಳಸಬಹುದಪ್ಪ, ಮೂರಕ್ಕೂ ಸೂಕ್ಷ್ಮ ವ್ಯತ್ಯಾಸ ಇದೆ ಎಂದು ಶುರುಮಾಡಿದೆ. ಎರಡನೇ ಪದಕ್ಕೆ ಬರುವಷ್ಟರಲ್ಲಿ ರೆಫರಿ ಸೀಟಿ ಊದಿದ. ಮೂರನೆಯದು ಇವತ್ತಿಗೂ ಹಾಗೇ ಉಳಿದಿದೆ.

ನಮ್ಮ ಗೋಲ್‌ಕೀಪರ್ ಮತ್ತು ಕ್ಯಾಪ್ಟನ್ ಇಮ್ತಿಯಾಜ್. ಕಲಬುರಗಿಯವನು, ಕುರ್ಲಾದಲ್ಲಿ ಪ್ಲಂಬರ್. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಿರರ್ಗಳ ಕನ್ನಡ. ಇಡೀ ತಂಡದಲ್ಲಿ ನನ್ನ ಕಾನೂನಿನಿಂದ ತೊಂದರೆ ಆಗದವನು ಅವನೊಬ್ಬನೇ. ಆದರೂ ಅವನೇ ಬಂದು ಹೇಳಿದ್ದ.

“ಸರ್, ಈ ಕಾನೂನ್ ತೆಗೀರಿ. ಹುಡುಗ್ರು ಆಡಾದು ಬಿಟ್ಟು ಪರೀಕ್ಷಾ ಬರೀಲತ್ತಾರ.”

“ಕಪ್ ಹೋದರೂ ಹೋಗಲಿ, ಕನ್ನಡ ಉಳಿಯಲಿ” ಎಂದೆ ನಾನು. ವೇದಿಕೆಯ ಮೇಲೆ ಹೇಳಿದ್ದರೆ ಚಪ್ಪಾಳೆ ಬೀಳುವ ಮಾತು. ಅಲ್ಲಿ ಕೇಳಲು ಇಮ್ತಿಯಾಜನೊಬ್ಬನೇ ಇದ್ದ, ಅವನ ಎರಡೂ ಕೈ ಗ್ಲೌಸಿನೊಳಗಿದ್ದವು.

ಈಗ ಸನ್ಮಾನದ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದಲ್ಲಿ ಯಾರನ್ನೂ ತೆಗೆಯುವ ಪದ್ಧತಿ ಇಲ್ಲ. ತೆಗೆದರೆ ಮನಸ್ತಾಪ ಆಗುತ್ತದೆ. ಮನಸ್ತಾಪ ಆದರೆ ಅವರು ಹೋಗಿ ಇನ್ನೊಂದು ಸಂಘ ಕಟ್ಟುತ್ತಾರೆ. (ಮುಂಬಯಿಯಲ್ಲಿ ಇಷ್ಟೊಂದು ಕನ್ನಡ ಸಂಘಗಳು ಹೇಗೆ ಹುಟ್ಟಿದವು ಅಂದುಕೊಂಡಿರಿ?) ಅದಕ್ಕೇ ನಾವು ಸನ್ಮಾನ ಮಾಡುತ್ತೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಫ್ರೇಮು ಹಾಕಿಸಿದ ಸನ್ಮಾನ ಪತ್ರ. ರಿಹರ್ಸಲ್ಲಿನಲ್ಲಿ ನಿದ್ದೆ ಹೊಡೆಯುತ್ತಿದ್ದ ನಾಟಕದ ನಿರ್ದೇಶಕರಿಗೆ ಹೀಗೇ ಮಾಡಿದೆವು. ಶ್ರುತಿ ತಪ್ಪುತ್ತಿದ್ದ ಹಾಡಿನ ಮಾಸ್ತರರಿಗೆ ಹೋದ ವರ್ಷ ಮಾಡಿದೆವು. ಇಬ್ಬರೂ ಆನಂದಬಾಷ್ಪ ಸುರಿಸಿ ಮನೆಗೆ ಹೋದರು.

ಈ ಉಪಾಯ ಕಂಡುಹಿಡಿದವನು ಯಾರು? ಇದೇ ಮಹಾಶಯ. ಇಬ್ಬರ ಸನ್ಮಾನ ಪತ್ರ ಬರೆದವನೂ ನಾನೇ. ‘ಅವರ ಮಾರ್ಗದರ್ಶನ ನಮಗೆ ಸದಾ ಇರಲಿ’ ಎಂಬ ಕೊನೆಯ ಸಾಲು ನನ್ನ ಸ್ವಂತದ್ದು. ನಾಳೆಯಿಂದ ಬರಬೇಡಿ ಎಂದು ಅದರ ಅರ್ಥ, ಕಮಿಟಿಯವರಿಗೆಲ್ಲ ಗೊತ್ತು. (ಸಂಪಾದಕರು ದಯವಿಟ್ಟು ಈ ಪ್ಯಾರಾ ಓದದೆ ಮುಂದೆ ಹೋಗಬೇಕು.)

ಅಂಥ ನನಗೆ ಸದಾನಂದಣ್ಣ ಮತ್ತೆ ಫೋನ್ ಮಾಡಿದರು. “ನಿಮ್ಗೊಂದು ಸನ್ಮಾನ ಮಾಡ್ಬೇಕು ಅಂತ ಉಂಟು. ಬೇಡ ಅನ್ಬಾರ್ದು.”

ಬೇಡ ಅನ್ನುವಷ್ಟು ದಡ್ಡನೇ ನಾನು? ಮೂರು ಸಲ ‘ಛೇ ಛೇ ನನಗ್ಯಾಕೆ’ ಎಂದು, ನಾಲ್ಕನೇ ಸಲ ತಾರೀಖು ಕೇಳಿದೆ.

“ಒಂದು ಉಪಕಾರ ಆಗ್ಬೇಕಿತ್ತಲ್ಲ” ಎಂದರು. “ಪತ್ರ ಯಾರು ಬರೆಯುದು ಹೇಳಿ? ಕಮಿಟಿಯಲ್ಲಿ ಒಬ್ರಿಗೂ ನಾಲ್ಕು ಸಾಲು ಕನ್ನಡ ಸರಿ ಬರೀಲಿಕ್ಕೆ ಬರುದಿಲ್ಲ. ನೀವೇ ಬರ್ದು ಕೊಟ್ರೆ ದೊಡ್ಡ ಉಪಕಾರ ಆಗ್ತದೆ.”

ನನ್ನ ಸನ್ಮಾನ ಪತ್ರ ನಾನೇ ಬರೆಯುವುದೇ? ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೇರೆಯವರು ಬರೆದರೆ ಎರಡು ಮುಖ್ಯ ಗುಣ ಬಿಟ್ಟುಹೋಗಬಹುದು ಎಂಬ ಚಿಂತೆ. ಅವತ್ತೇ ಕೂತು ಬರೆದೆ. ‘ಸುದೀರ್ಘ ಸೇವೆ’ ಬಂತು, ‘ದಣಿವರಿಯದ ಚೇತನ’ ಬಂತು, ‘ಕ್ರೀಡೆಗೂ ಕನ್ನಡಕ್ಕೂ ಸೇತುವೆಯಾದ ಅಪ್ರತಿಮ ಸಂಘಟಕ’ ಬಂತು. ಹೆಂಡತಿ ಶಾರದಾಗೆ ಓದಿ ತೋರಿಸಿದೆ. ಅವಳು ಮೆಂತ್ಯ ಸೋಸುತ್ತಿದ್ದಳು.

“ಏನ್ರೀ, ಆರು ಮ್ಯಾಚ್ ಸೋತಾವ್ರಿಗೆ ಯಾರರ ಶಾಲು ಹೊದಿಸ್ತಾರೇನು?”

“ಸೋಲು ಗೆಲುವಿಗಲ್ಲ ಮಾರಾಯಳ, ಸೇವಾಕ್ಕ ಮಾಡ್ತಾರ.”

“ಹೋದ ವರ್ಷ ಆ ಹಾಡಿನ ಮಾಸ್ತರ್ಗೂ ಸೇವಾಕ್ಕೇ ಮಾಡಿದ್ರಲ್ಲ. ಆಮ್ಯಾಲೆ ಅವ್ರು ಸಂಘದ ಕಡೆ ಹಾಯ್ದೇ ಇಲ್ಲ.”

ಪಾಪ, ಅವಳಿಗೆ ಯಾರೂ ಸನ್ಮಾನ ಮಾಡಿಲ್ಲ, ಹೊಟ್ಟೆಕಿಚ್ಚು ಎಂದುಕೊಂಡೆ.

ಸನ್ಮಾನದ ಸಂಜೆ ಬಂತು. ಮಾಟುಂಗದಲ್ಲಿ ಒಂದು ಹಾಲ್ ಹಿಡಿದಿದ್ದರು. ಚೆಂಬೂರಿನಿಂದ ಕುರ್ಲಾ, ಅಲ್ಲಿ ಲೋಕಲ್ ಬದಲಿಸಿ ಮಾಟುಂಗ. ಕುರ್ಲಾ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಹೊಸ ರೇಷ್ಮೆ ಜುಬ್ಬಾದ ಇಸ್ತ್ರಿ ಕೆಡದಿರಲೆಂದು ಎರಡೂ ಕೈ ಮೇಲೆತ್ತಿಕೊಂಡು ನಡೆದೆ. ಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣ. ಶೀರ್ಷಿಕೆ, ‘ಮುಂದಿನ ಸೀಸನ್ನಿಗೆ ನನ್ನ ಯೋಜನೆಗಳು’.

ವೇದಿಕೆಯಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಪೇಟ ಇಟ್ಟರು. ನಿರೂಪಕಿ ಪತ್ರ ಓದತೊಡಗಿದಳು. ನಾನು ತಲೆ ತಗ್ಗಿಸಿ, ಇದೆಲ್ಲ ಮೊದಲ ಸಲ ಕೇಳುತ್ತಿರುವವನಂತೆ ಕೂತೆ. ಎರಡನೇ ‘ಅಪ್ರತಿಮ’ಕ್ಕೆ ಚಪ್ಪಾಳೆ ಬಿತ್ತು. ಸೇರಿಸಿದ್ದು ಸಾರ್ಥಕ ಎನಿಸಿತು. ಪತ್ರ ಮುಗಿಯಿತು. ಆದರೆ ನಿರೂಪಕಿ ನಿಲ್ಲಿಸಲಿಲ್ಲ.

“ಇಂದಿನಿಂದ ತಂಡದ ಹೊಣೆಯನ್ನು ಕ್ಯಾಪ್ಟನ್ ಇಮ್ತಿಯಾಜ್ ಅವರು ವಹಿಸಿಕೊಳ್ಳುತ್ತಾರೆ. ಶ್ರೀಯುತರ ಮಾರ್ಗದರ್ಶನ ನಮಗೆ ಸದಾ ಇರಲಿ.”

ಈ ಸಾಲನ್ನು ನಾನು ಬರೆದಿಲ್ಲವಲ್ಲ? ಎಂದು ಮೊದಲು ಅನಿಸಿತು. ಅಲ್ಲ, ಬರೆದಿದ್ದೆ, ಹಾಡಿನ ಮಾಸ್ತರರಿಗೆ, ಎಂದು ಆಮೇಲೆ ನೆನಪಾಯಿತು. ಅದಾದ ಮೇಲೆ ಉಳಿದದ್ದೂ ತಿಳಿಯಿತು. ಪೇಟ ಒಂದಳತೆ ದೊಡ್ಡದು, ಹುಬ್ಬಿನ ಕೆಳಗೆ ಜಾರಿತ್ತು. ಒಳ್ಳೆಯದೇ ಆಯಿತು, ಕಣ್ಣು ಯಾರಿಗೂ ಕಾಣಲಿಲ್ಲ. ಮೈಕು ಕೊಟ್ಟರು. ಜೇಬಿನ ಹಾಳೆ ಮುಟ್ಟಿ ನೋಡಿಕೊಂಡು, “ಧನ್ಯವಾದಗಳು” ಎಂದು ಕೂತುಬಿಟ್ಟೆ. ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ. ಚಪ್ಪಾಳೆಯೂ ಅದಕ್ಕೇ ಅತಿ ಹೆಚ್ಚು ಬಿತ್ತು.

ವಾಪಸು ಲೋಕಲ್ಲಿನಲ್ಲಿ ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಕೈಯಲ್ಲಿ ಹಾರ. ಎದುರು ಕೂತವನು ನೋಡಿದ, ಕನಿಕರದಿಂದ ಕೇಳಿದ. “ಅಂಕಲ್, ರಿಟೈರ್ ಹೋ ಗಯೇ ಕ್ಯಾ?”

ಗುರುತು ಪರಿಚಯ ಇಲ್ಲದವನಿಗೆ ಒಂದು ನೋಟಕ್ಕೆ ತಿಳಿದದ್ದು ನನಗೆ ಅಷ್ಟು ದಿನ ತಿಳಿದಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇಮ್ತಿಯಾಜ್ ಮನೆಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ, “ಸರ್, ನಾ ಕೇಳಿಲ್ಲರೀ ಇದು. ನೀವ್ ಬ್ಯಾಡ ಅಂದ್ರ ಈಗೇ ಬಿಡ್ತೀನಿ. ನಿಮ್ಮ ಮ್ಯಾಲ ಆಣಿ.”

ಬೇಡ ಅನ್ನಬೇಕು ಅಂತಲೇ ಇತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಅವನು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ ರೀತಿ ನೋಡಿ, “ಮಾಡಪಾ, ಚೊಲೋ ಮಾಡ್ತಿ” ಎಂದೆ. ಕಾನೂನು ಇಟ್ಟುಕೊಳ್ಳುತ್ತೀಯೋ ಎಂದು ಕೇಳಿದೆ. “ಮೊದಲ ಒಂದ್ ಮ್ಯಾಚ್ ಗೆಲ್ಲೋಣ್ರಿ ಸರ್” ಎಂದ. ಉತ್ತರ ತಿಳಿಯಿತು.

ಶಾರದಾ ಚಹಾ ಕೊಟ್ಟಳು. ಬಂದದ್ದು ಹೇಗೂ ಬಂದಿರಿ, ಅಡುಗೆಮನೆ ನಳ ಒಂದು ತಿಂಗಳಿಂದ ಸೋರುತ್ತಿದೆ, ಸ್ವಲ್ಪ ನೋಡಿ ಎಂದಳು. ಆ ನಳದ ಬಗ್ಗೆ ನನಗೂ ಒಂದು ಯೋಜನೆ ಇತ್ತು. ನೀರಿನ ಒತ್ತಡ, ಬಿಲ್ಡಿಂಗಿನ ಪೈಪು, ಇವನ್ನೆಲ್ಲ ಅವಳಿಗೆ ಹಲವು ಸಲ ವಿವರಿಸಿದ್ದೆ. ಇಮ್ತಿಯಾಜ್ ಐದು ನಿಮಿಷದಲ್ಲಿ ಸರಿಮಾಡಿ ಕೈ ಒರೆಸಿಕೊಂಡ.

“ನೋಡ್ರಿ” ಎಂದಳು ನನ್ನ ಕಡೆ ತಿರುಗಿ. “ಇವ್ರು ಭಾಷಣ ಮಾಡ್ಲಿಲ್ಲ. ವಾಶರ್ ಬದಲಿ ಮಾಡಿದ್ರು.”

ಭಾನುವಾರ ಏಳನೇ ಮ್ಯಾಚ್, ಠಾಣೆಯವರ ವಿರುದ್ಧವೇ. ಇಮ್ತಿಯಾಜ್ ಕರೆದಿದ್ದ, ಕೆಲಸ ಇದೆ ಎಂದಿದ್ದೆ. (ರಿಟೈರ್ ಆದವನಿಗೆ ಎಂಥ ಕೆಲಸ?) ಆದರೂ ಹೋದೆ. ಟೋಪಿ ಹಾಕಿಕೊಂಡು, ಆಚೆ ಬದಿಯಲ್ಲಿ, ವಡಾಪಾವ್ ಗಾಡಿಯ ಮರೆಯಲ್ಲಿ ನಿಂತೆ.

ಈಗ ಹೇಳುವುದು ಹೇಳಬಾರದ ಮಾತು. ಅಲ್ಲಿ ನಿಂತು ನಾನು ನನ್ನ ತಂಡ ಸೋಲಲಿ ಎಂದು ದೇವರಲ್ಲಿ ಬೇಡಿಕೊಂಡೆ. ಮೂರು ಗೋಲಿನಿಂದ ಸೋಲಲಿ. ಐದಾದರೂ ಅಡ್ಡಿಯಿಲ್ಲ. ಹನ್ನೊಂದು ವರ್ಷ ಕಟ್ಟಿದ ತಂಡ! ಸದಾನಂದಣ್ಣ ಓಡಿಬಂದು, ‘ತಪ್ಪಾಯ್ತು ಮಾರಾಯ್ರೆ, ವಾಪಸು ಬನ್ನಿ’ ಅನ್ನಬೇಕು. ಆಗ ನಾನು ಮೂರು ಸಲ ‘ಛೇ ಛೇ’ ಅನ್ನಬೇಕು. ಇಷ್ಟು ಸಣ್ಣ ಮನಸ್ಸು ನನ್ನೊಳಗೆ ಇತ್ತೇ ಎಂದು ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ದೇವರು ಅರ್ಧ ಕೇಳಿಸಿಕೊಂಡ. ಮೊದಲ ಗೋಲು ಠಾಣೆಯವರದು. ಆಮೇಲೆ ನಮ್ಮವರು ಬಾಯಿ ಬಿಟ್ಟರು. “ಇಧರ್ ದೇ!” “ಪೀಛೇ ಪೀಛೇ!” “ಸೋಡ್ ನಾ ರೇ!” ಹಿಂದಿ, ಮರಾಠಿ, ನಡುನಡುವೆ ಇಂಗ್ಲಿಷ್ ಬೈಗುಳ. ಹುಡುಗರ ಕಾಲಿಗೆ ಕಟ್ಟಿದ ಹಗ್ಗ ಯಾರೋ ಬಿಚ್ಚಿದಂತಿತ್ತು. ಹಾಫ್ ಟೈಮಿಗೆ ಒಂದು ಒಂದು. ಇಮ್ತಿಯಾಜ್ ಎಲ್ಲರಿಗೂ ನೀರು ಕೊಟ್ಟ, ಇಬ್ಬರ ಜಾಗ ಅದಲು ಬದಲು ಮಾಡಿದ, ಅಷ್ಟೆ. ನಾನಾಗಿದ್ದರೆ ಅಷ್ಟರಲ್ಲಿ ಪೀಠಿಕೆ ಮುಗಿಸುತ್ತಿದ್ದೆ.

ಎರಡನೇ ಅರ್ಧದಲ್ಲಿ ನನಗೇನಾಯಿತೋ. ಒಂದು ಹೆಜ್ಜೆ ಗಾಡಿಯ ಮರೆಯಿಂದ ಬಂದೆ. ಇನ್ನೊಂದು ಹೆಜ್ಜೆ. ಪ್ರಾರ್ಥನೆ ಮರೆತುಹೋಗಿತ್ತು. ಟೋಪಿ ಎಲ್ಲಿ ಬಿತ್ತೋ. ಗೆರೆಯ ಪಕ್ಕಕ್ಕೆ ಬಂದೆ, ಗೆರೆ ದಾಟಿದೆ, ಕೈ ಬೀಸಿ ನಿರ್ದೇಶನ ಕೊಡತೊಡಗಿದೆ. ಹನ್ನೊಂದು ವರ್ಷದ ಚಟ, ಒಂದು ಶಾಲಿಗೆ ಬಿಡುತ್ತದೆಯೇ?

ಅದೇ ಹೊತ್ತಿಗೆ ಚೇತನ್ ಬಲಬದಿಯಿಂದ ಚೆಂಡು ಹಿಡಿದು ಬಂದ. ಬಂದ ಎಂದರೆ ಫಾಸ್ಟ್ ಲೋಕಲ್. ಅವನ ಮುಂದೆ ಠಾಣೆಯವರು ಯಾರೂ ಇರಲಿಲ್ಲ. ಇದ್ದವನು ನಾನೊಬ್ಬನೇ, ಕೈ ಎತ್ತಿಕೊಂಡು, ಸರಿಯಾಗಿ ಅವನ ದಾರಿಯಲ್ಲಿ.

“ಸರ್, ಹಾದ್ಯಾಗ ನಿಂದರಬ್ಯಾಡ್ರೀ! ಆಕಡಿ ಸರೀರಿ!”

ಹಾರಿ ಪಕ್ಕಕ್ಕೆ ಬಿದ್ದೆ. ಅಕ್ಷರಶಃ ಬಿದ್ದೆ, ಮಣ್ಣಿನಲ್ಲಿ. ಅವನು ದಾಟಿ ಹೋಗಿ ಚೆಂಡು ಒಳಗೆ ಕಳಿಸಿದ, ಮಧ್ಯದಿಂದ ಬಂದವನು ಹೊಡೆದ, ಗೋಲು. ಎರಡು ಒಂದು. 

ಎಲ್ಲರೂ ಕುಣಿಯುತ್ತಿದ್ದರು. ನಾನು ಬಿದ್ದಲ್ಲೇ ಕೂತಿದ್ದೆ, ಮೊಣಕಾಲು ತರಚಿತ್ತು. ಕಿವಿಯಲ್ಲಿ ಆ ಮಾತು ಇನ್ನೂ ಗುಂಯ್‌ಗುಡುತ್ತಿತ್ತು. ಅವನು ಹೇಳಿದ್ದು ಏನು? ಯಾವ ಭಾಷೆಯಲ್ಲಿ?

ಮ್ಯಾಚ್ ಗೆದ್ದ ಮೇಲೆ ಚೇತನನನ್ನು ಹಿಡಿದು ನಿಲ್ಲಿಸಿದೆ. “ಅಷ್ಟು ಚಂದ ಕನ್ನಡ ಹೆಂಗ ಬಂತಪಾ ಬಾಯಾಗ?”

ಅವನು ಏದುಸಿರು ಬಿಡುತ್ತ ನನ್ನನ್ನೇ ನೋಡಿದ. “ಕ್ಯಾ ಸರ್? ಮೈ ಕನ್ನಡ ಮೇ ಬೋಲಾ?” ಆಮೇಲೆ ತಲೆ ಕೆರೆದುಕೊಂಡು ನಕ್ಕ. “ಅರೇ, ವೋ ತೋ ಮಮ್ಮಿ ಬೋಲ್ತೀ ಹೈ ಪಪ್ಪಾ ಕೋ. ದಿನ್‌ಭರ್. ಏಕ್ ಹೀ ಖೋಲಿ ಹೈ ನಾ ಸರ್, ಸಬ್ ಬೀಚ್ ಮೇ ಆತೇ.”

ಒಂದೇ ಖೋಲಿಯ ಮನೆ, ಅಪ್ಪ ದಿನವಿಡೀ ಅಮ್ಮನ ದಾರಿಗೆ ಅಡ್ಡ. ಒಲೆಯ ಹತ್ತಿರ ಹೋಗಬೇಕಾದರೂ ಯಾರಾದರೊಬ್ಬರು ಸರಿಯಬೇಕು. ಕುರ್ಲಾದ ಆ ಚಾಳಿನಲ್ಲಿ ಅವನ ಅಮ್ಮ ಯಾವ ಕಾನೂನೂ ಇಲ್ಲದೆ, ಯಾವ ಸಂಘವೂ ಇಲ್ಲದೆ, ಕೈಯಲ್ಲಿ ಬಿಸಿ ಪಾತ್ರೆ ಹಿಡಿದು ಹುಡುಗನಿಗೆ ಕನ್ನಡ ಕಲಿಸಿಟ್ಟಿದ್ದಳು. ನಾನು ಹನ್ನೊಂದು ವರ್ಷ ಕಾದ ವಾಕ್ಯ ಕೊನೆಗೂ ಬಂತು, ಯಾರೂ ಕೇಳದೆ, ತಾನಾಗಿ. ಅದು ನನ್ನನ್ನೇ ದಾರಿಯಿಂದ ಸರಿಯಲು ಹೇಳಲು ಬಂತು. ಅಳು ಬಂತು, ನಗುವೂ ಬಂತು. ಮೊಣಕಾಲು ನೋಯುತ್ತಿದೆ ಎಂದು ಸುಳ್ಳು ಹೇಳಿ ಕಣ್ಣು ಒರೆಸಿಕೊಂಡೆ.

ಮನೆಗೆ ಬಂದು ಹೇಳಿದರೆ ಶಾರದಾ ಟಿಂಚರ್ ಹಚ್ಚುತ್ತ ಅಂದಳು, “ನಾ ಇದನ್ನ ಮೂವತ್ತು ವರ್ಷದಿಂದ ಹೇಳ್ಳಿಕ್ಕತ್ತೇನಿ. ನನಗ ಒಂದಿನ ಇಷ್ಟು ಖುಷಿ ಪಟ್ಟಿಲ್ಲ ನೀವು.”

ಇನ್ನು, ಆ ಇಂಗ್ಲಿಷ್ ಕ್ಲಬ್ಬು ನಿನ್ನೆ ಮತ್ತೆ ಸೋತಿತು. ಓದುಗರು ಫೋನ್ ಮಾಡಿ ಕೇಳುತ್ತಿದ್ದಾರೆ, ಮ್ಯಾನೇಜರನನ್ನು ತೆಗೆಯಬೇಕೆಂಬ ನಿಮ್ಮ ಅಭಿಪ್ರಾಯ ಹಾಗೇ ಇದೆಯೋ ಎಂದು. ಹಾಗೇ ಇದೆ. ತೆಗೆಯಲೇಬೇಕು. ಆದರೆ ಟೀವಿಯಲ್ಲಿ ಅವನು ಗೆರೆಯ ಪಕ್ಕ ನಿಂತು, ಯಾರೂ ನೋಡದ ಕಡೆ ಕೈ ಬೀಸುತ್ತಿರುವುದನ್ನು ನೋಡಿದಾಗ ನನ್ನ ಮೊಣಕಾಲು ಚುರ್ ಅಂದಿತು. 

ಅಲ್ಲ, ಅಷ್ಟು ದೊಡ್ಡ ಕ್ಲಬ್ಬಿನಲ್ಲಿ ‘ಆಕಡಿ ಸರೀರಿ’ ಎಂದು, ಕಡೆಗೆ ‘ರೀ’ ಹಚ್ಚಿ ಹೇಳುವ ಒಬ್ಬ ಹುಡುಗನಾದರೂ ಆ ಬಡಪಾಯಿಗೆ ಇದ್ದಾನೆಯೇ?